ಆತಕೂರಿನ ಕಲ್ಲಿನೆದುರು

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಕೆಲಸ ಒಂದು ದಿನ ಮೊದಲೇ ಮುಗಿಯಿತು. ಊರಿನ ರೈಲು ಮರುದಿನ ರಾತ್ರಿಗೆ. ಇಪ್ಪತ್ತೈದು ವರ್ಷಗಳಿಂದ ಆ ನಗರಕ್ಕೆ ಹೋಗಿ ಬರುತ್ತಿದ್ದರೂ ಬಸ್ ನಿಲ್ದಾಣ, ವಿಶ್ವವಿದ್ಯಾಲಯ ಮತ್ತು ಪುಸ್ತಕದ ಅಂಗಡಿಗಳಾಚೆಗೆ ನಾನು ಏನನ್ನೂ ಕಂಡಿರಲಿಲ್ಲ. ಎರಡು ಜೊತೆ ಬಟ್ಟೆ, ಒಂದು ನೀರಿನ ಬಾಟಲಿ ಇದ್ದ ಚೀಲವನ್ನು ಬೆನ್ನಿಗೇರಿಸಿ, ಆ ಒಂದು ದಿನವನ್ನು ಶಾಸನಗಳಿಗೆಂದು ಮೀಸಲಿಟ್ಟೆ.

ಬೆಳಿಗ್ಗೆ ಮೊದಲು ಹೋದದ್ದು ಬೇಗೂರಿಗೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗದ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಮಡಿದುದನ್ನು ಅದು ಹೇಳುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಗಿಂತ ಮೂರು ಶತಮಾನಗಳಷ್ಟು ಹಿಂದೆಯೇ ಈ ಊರಿಗೆ ಈ ಹೆಸರಿತ್ತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಬೇಗೂರಿನದೇ ಆದ ಮತ್ತೊಂದು ಕಲ್ಲು, ನಾಗತ್ತರನ ಮರಣವನ್ನು ಹೇಳುವ ವೀರಗಲ್ಲು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಅರಸಿಕೊಂಡು, ಮಾರುಕಟ್ಟೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ಕಟ್ಟಡದ ಮುಂದಿದ್ದೆ.

ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ್ದ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ 1865ರಲ್ಲಿ ಆರಂಭವಾದ ಈ ಸಂಸ್ಥೆಗೆ 1877ರ ಸುಮಾರಿಗೆ ಈಗಿನ ಕಟ್ಟಡ ದೊರೆಯಿತು. ಬೇಗೂರಿನ ವೀರಗಲ್ಲಿನ ಯುದ್ಧದೃಶ್ಯ ನೋಡಿದಷ್ಟೂ ಮುಗಿಯುವುದಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯೇ ಇರುವ ಆತಕೂರಿನ ಕಲ್ಲು. ಪ್ರತಿ ವರ್ಷ ತರಗತಿಯಲ್ಲಿ ಪಾಠ ಹೇಳಿದ ಶಾಸನವನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಅಂದೇ.

ಪಕ್ಕದಲ್ಲಿ ನನ್ನದಕ್ಕಿಂತ ಮೂರು ಪಟ್ಟು ದೊಡ್ಡ ಚೀಲ ಹೊತ್ತ ಯುವಕನೊಬ್ಬ ನಿಂತಿದ್ದ. ಹೊರರಾಜ್ಯದವನು, ಊರೂರು ತಿರುಗುವ ಹವ್ಯಾಸದವನು. ಹಂದಿಯೊಡನೆ ಸೆಣಸುತ್ತಿರುವ ನಾಯಿಯ ಉಬ್ಬುಚಿತ್ರವನ್ನು ನೋಡುತ್ತಾ, ಇದರಲ್ಲಿ ಏನು ಬರೆದಿದೆಯೆಂದು ಕೇಳಿದ. ನಾನು ಉತ್ಸಾಹದಿಂದಲೇ ಹೇಳಿದೆ: ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧ. ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗ. ಬೂತುಗನ ಮೆಚ್ಚುಗೆಗೆ ಪಾತ್ರನಾದ ವೀರ ಮಣಲೆರ. ಬೇಕಾದುದನ್ನು ಬೇಡೆಂದಾಗ ಮಣಲೆರ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರದ ಮುಂದೆ ನಿಲ್ಲಿಸಿದ ಕಲ್ಲು ಇದು.

ಯುವಕ ಮನಸ್ಸಿಟ್ಟು ಕೇಳಿದ. ಬಳಿಕ, ನಾಯಿಯ ಹೆಸರು ಎಲ್ಲಿದೆ, ತೋರಿಸುವಿರಾ ಎಂದ. ನಾನು ಸಾಲುಗಳ ಮೇಲೆ ಕಣ್ಣಾಡಿಸಿದೆ. ಅಲ್ಲೊಂದು ಇಲ್ಲೊಂದು ಅಕ್ಷರ ಗುರುತಾಯಿತೇ ಹೊರತು ಕಾಳಿ ಸಿಗಲಿಲ್ಲ. ಕನ್ನಡದಲ್ಲಿ ಪಿಎಚ್.ಡಿ. ಮಾಡಿದವನು ಕನ್ನಡದ ಕಲ್ಲಿನೆದುರು ಅಕ್ಷರ ಬಾರದವನಾಗಿ ನಿಂತಿದ್ದೆ. ಅವನು ನಕ್ಕು ಮುಂದಕ್ಕೆ ಹೋದ. ನಾನು ಹೋಗಲಾರದೆ ನಿಂತೆ.

ಈ ಪ್ರಸಂಗವನ್ನು ಹೇಳುತ್ತಿರುವುದು ಆತ್ಮನಿಂದೆಗಾಗಿ ಅಲ್ಲ. ಕನ್ನಡ ಅಧ್ಯಾಪಕರಲ್ಲಿ ಬಹುಪಾಲು ನಾವೆಲ್ಲರೂ ಶಾಸನಗಳನ್ನು ಓದಿದವರಲ್ಲ, ಶಾಸನಗಳ ಅಚ್ಚಾದ ಪಾಠವನ್ನು ಓದಿದವರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ನಾವು ಎಷ್ಟು ಋಣಿಗಳಾಗಿದ್ದರೂ ಸಾಲದು. ಆದರೆ ಅಚ್ಚಿನ ಪಾಠ ನಮಗೆ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಸಿದೆ: ಬೇಕಾದಷ್ಟನ್ನು ಕತ್ತರಿಸಿಕೊಳ್ಳುವುದು. ಇತಿಹಾಸದವರು ತಕ್ಕೋಲದ ಯುದ್ಧವನ್ನು ಕತ್ತರಿಸಿಕೊಳ್ಳುತ್ತಾರೆ. ಸಾಹಿತ್ಯದವರು ನಾಯಿಯ ಕಥೆಯನ್ನು ಒಂದು ಕುತೂಹಲದ ಪ್ರಸಂಗವೆಂದು ಕತ್ತರಿಸಿಕೊಳ್ಳುತ್ತೇವೆ. ಇತಿಹಾಸದ ತರಗತಿಯಲ್ಲಿ ಕಾಳಿ ಇಲ್ಲ, ಕನ್ನಡದ ತರಗತಿಯಲ್ಲಿ ರಾಜಾದಿತ್ಯನಿಲ್ಲ.

ಕಲ್ಲಿನಲ್ಲಿ ಈ ವಿಭಜನೆ ಇಲ್ಲ. ಅಲ್ಲಿರುವುದು ಮೆಚ್ಚುಗೆಯ ಒಂದೇ ಸರಪಳಿ. ಚಕ್ರವರ್ತಿ ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ಮೆಚ್ಚಿ ಮಣಲೆರನಿಗೆ ಆತಕೂರನ್ನು ಬಾಳ್ಗಚ್ಚಾಗಿ ಕೊಟ್ಟ, ನಾಯಿಯನ್ನೂ ಕೊಟ್ಟ. ಮಡಿದ ನಾಯಿಗೆ ಕಲ್ಲೂ ಎರಡು ಖಂಡುಗದ ಮಣ್ಣೂ ದೊರೆತವು. ನಾಡಿನಿಂದ ಎರಡು ಖಂಡುಗದವರೆಗೆ, ಚಕ್ರವರ್ತಿಯಿಂದ ನಾಯಿಯವರೆಗೆ ಒಂದೇ ಮೌಲ್ಯ ಇಳಿದುಬರುತ್ತದೆ. ಪಂಪನ ‘ಆದಿಪುರಾಣ’ ಮುಗಿದದ್ದು 941ರಲ್ಲಿ. ಪೊನ್ನ ಇದೇ ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ಯೆಂಬ ಬಿರುದು ಪಡೆದವನು. ಜೋಳವಾಳಿ, ವೇಳೆವಾಳಿಗಳನ್ನು ನಾವು ಕಾವ್ಯದ ಸಂದರ್ಭದಲ್ಲಿ ಎಷ್ಟೊಂದು ವಿವರಿಸುತ್ತೇವೆ! ಅದೇ ಕಾಲದ ಜನ ಆ ಮೌಲ್ಯವನ್ನು ಒಂದು ನಾಯಿಗೂ ಸಲ್ಲಿಸಿದರೆಂಬುದನ್ನು ಈ ಗದ್ಯ ಸರಳವಾಗಿ ಹೇಳುತ್ತದೆ. ಪಂಪನನ್ನು ಓದುವವರಿಗೆ ಇದು ಅಡಿಟಿಪ್ಪಣಿಯಲ್ಲ, ಅವಶ್ಯವಾದ ಜೊತೆ ಓದು.

ಕಲ್ಲುಗಳು ತಮ್ಮ ಊರುಗಳಿಗೇ ಮರಳಬೇಕೆನ್ನುವವರಿದ್ದಾರೆ. ಊರು ಬಿಟ್ಟ ಕಲ್ಲು ಏನನ್ನೋ ಕಳೆದುಕೊಳ್ಳುತ್ತದೆಂಬುದು ನಿಜ. ಬೇಗೂರಿನಲ್ಲಿ ನಿಂತಾಗ ಆದ ಅನುಭವ ಬೇರೆ, ವಸ್ತುಸಂಗ್ರಹಾಲಯದ ಅನುಭವ ಬೇರೆ. ಆದರೆ ಚಪ್ಪಡಿಗಳಾಗಿ, ಒಗೆಯುವ ಕಲ್ಲುಗಳಾಗಿ ಅಳಿದುಹೋದ ಶಾಸನಗಳನ್ನು ನೆನೆದರೆ, ಇವು ಉಳಿದಿವೆಯೆಂಬುದೇ ದೊಡ್ಡದು. ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುತ್ತಿರುವುದೂ ಸ್ತುತ್ಯವಾದುದು. ಕೊರತೆ ಇರುವುದು ಕಲ್ಲುಗಳಲ್ಲಿ ಅಲ್ಲ, ಓದುಗರಲ್ಲಿ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಹಳೆಯ ಲಿಪಿಯ ಓದು ಐಚ್ಛಿಕವಾಗಿರದೆ ಕಡ್ಡಾಯವಾಗಬೇಕು. ಪ್ರತಿ ಸೆಮಿಸ್ಟರಿನಲ್ಲಿ ಒಂದು ದಿನ ಬೆನ್ನಿಗೆ ಚೀಲ ಹಾಕಿಕೊಂಡು ಒಂದು ಕಲ್ಲಿನೆದುರು ಕೂರಬೇಕು. ನೂರು ಶಾಸನ ಬೇಡ, ಒಂದು ಸಾಕು. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಅರ್ಥ. ಅಚ್ಚಿನ ಪುಸ್ತಕವನ್ನು ಕೊನೆಗೆ ತೆರೆಯಬೇಕು.

ಅಂದಿನಿಂದ ಎರಡು ತಿಂಗಳ ಮೇಲೆ ಲಿಪಿಯ ಪಟ್ಟಿಯನ್ನು ಅಭ್ಯಾಸ ಮಾಡಿಕೊಂಡು ಮತ್ತೆ ಹೋದೆ. ಕಾಳಿಯ ಹೆಸರು ಸಿಗಲು ಒಂದು ಗಂಟೆ ಹಿಡಿಯಿತು. ತೋರಿಸಲು ಆ ಯುವಕ ಅಲ್ಲಿರಲಿಲ್ಲ.

ಶಾಸನದ ಕೊನೆಗೆ ಒಂದು ಎಚ್ಚರಿಕೆಯಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆಯಂತೆ. ಇಂದು ಚಲ್ಲೇಶ್ವರದ ಗೊರವನಿಲ್ಲ. ಈ ಕಲ್ಲಿನ ಹೆಸರಿನಲ್ಲಿ ಉಣ್ಣುತ್ತಿರುವವರು ಕನ್ನಡದ ಅಧ್ಯಾಪಕರಾದ ನಾವು. ನಮ್ಮ ಪೂಜೆಯೆಂದರೆ ಓದು. ಆ ಎಚ್ಚರಿಕೆ ಈಗ ನಮಗೆ ಸಲ್ಲುತ್ತದೆ.