ತೂಗದ ಮೂಟೆಗೆ ಸೊನ್ನೆ ತೂಕ!

ಯಾರ್ಡಿಗೆ ಬಂದ ಮೂಟೆಯನ್ನು ಕಾಟಾಕ್ಕೇ ಏರಿಸದೆ ಚೀಟಿಯಲ್ಲಿ 'ತೂಕ ಸೊನ್ನೆ' ಎಂದು ಬರೆದರೆ ರೈತ ಸುಮ್ಮನಿದ್ದಾನೆಯೇ? ದಲಾಲನ ಕೊರಳಪಟ್ಟಿ ಹಿಡಿದಾನು. ನಮ್ಮ ಎಷ್ಟೋ ಶಾಲೆಗಳಲ್ಲಿ ಇದೇ ಲೆಕ್ಕ ನಡೆದಿದೆ, ಕೇಳುವವರಿಲ್ಲ. ಪ್ರಾಜೆಕ್ಟು ಒಪ್ಪಿಸದ, ಕಿರುಪರೀಕ್ಷೆಯ ದಿನ ಬಾರದ ಮಗುವಿನ ಹೆಸರಿನ ಮುಂದೆ ಸೊನ್ನೆ! ಅದಕ್ಕೆ ಪಾಠ ಬರುತ್ತದೆಯೇ ಎಂದು ನೋಡಿದವರಾರು?

ಇದು ಸಣ್ಣ ಮಾತಲ್ಲ. 2014-15ನೆಯ ಸಾಲಿನಿಂದ ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ 125 ಶಾಲೆಯೊಳಗೇ ಹಾಕುವಂಥವು. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಮೂರು ಗಂಟೆಯ ಒಂದು ಪರೀಕ್ಷೆಯೇ ಹಣೆಬರಹ ಬರೆಯಬಾರದೆಂಬ ಉದ್ದೇಶ ಒಳ್ಳೆಯದೇ, ನಾವು ಅದರ ವಿರೋಧಿಗಳಲ್ಲ. ಆದರೆ ಮೂರು ಸಲ ನೂರಕ್ಕೆ 80 ತೆಗೆದ ಹುಡುಗಿ ನಾಲ್ಕನೆಯ ಸಲ ಗೈರಾದರೆ ಸರಾಸರಿ 60! ಅವಳು ಕಲಿತದ್ದರಲ್ಲಿ ಒಂದಕ್ಷರವೂ ಕಡಿಮೆಯಾಗಿಲ್ಲ. ಆ 20 ಅಂಕವನ್ನು ನುಂಗಿದವರಾರು?

ಗೈರಾಗುವವರಾದರೂ ಯಾರು? ಅಕ್ಕಿ ಗಿರಣಿಯಲ್ಲಿ ತಂದೆಗೆ ಪೆಟ್ಟಾದಾಗ ಆಸ್ಪತ್ರೆಯಲ್ಲಿ ಕೂತವನು. ತಾಯಿ ಜ್ವರ ಬಂದು ಮಲಗಿದರೆ ತರಕಾರಿ ಗಾಡಿ ತಳ್ಳುವವನು. ಇನ್ನು ಪ್ರಾಜೆಕ್ಟಿನ ವೈಭವವನ್ನು ಏನು ಹೇಳೋಣ! ಚಾರ್ಟು, ಥರ್ಮಾಕೋಲು, ಜೆರಾಕ್ಸ್ ಅಂಗಡಿಯ ಬಣ್ಣದ ಪ್ರಿಂಟು. ದುಡ್ಡು ತೆತ್ತವನು ಅಪ್ಪ, ಅಂಕ ಮಗನಿಗೆ.

ನಾವೂ ಮೇಷ್ಟರಾಗಿದ್ದವರೇ. ನಾಲ್ಕು ದಿನ ಬಾರದ ಹುಡುಗನೊಬ್ಬನಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆವು. ಮರುವಾರ ಬಡ್ಡಿ ಲೆಕ್ಕವನ್ನು ಬಾಯಲ್ಲೇ ಬಿಡಿಸಿಬಿಟ್ಟ. ಮಾವನ ಹೋಟೆಲಿನಲ್ಲಿ ಗಲ್ಲಾ ನೋಡುತ್ತಿದ್ದನಂತೆ! ಆದರೂ ಸೊನ್ನೆಯನ್ನು ತಿದ್ದಲಿಲ್ಲ. ಮೇಲಿನವರು ಕೇಳಿಯಾರೆಂಬ ಅಂಜಿಕೆ. ಆ ಹೇಡಿತನ ಈಗಲೂ ಚುಚ್ಚುತ್ತದೆ.

"ಸೋಮಾರಿಗಳಿಗೂ ಅಂಕ ಹಂಚಬೇಕೋ?" ಎಂದು ಶಿಸ್ತಿನ ಪಂಡಿತರು ಗುಡುಗುತ್ತಾರೆ. ಬೇಡ ಸ್ವಾಮಿ! ಪುಕ್ಕಟೆ ಅಂಕ ನಾವು ಕೇಳಿಲ್ಲ. ಗೈರಾದ ಕಾರಣ ವಿಚಾರಿಸಿ, ಇನ್ನೊಂದು ದಿನ ಕೊಡಿ. ಚಾರ್ಟು ತರಲಾರದವನನ್ನು ಬಾಯಿಪಾಠದಲ್ಲಲ್ಲ, ಬಾಯಿಮಾತಿನಲ್ಲಿ ಪರೀಕ್ಷಿಸಿ. ಅಲ್ಲಿಯವರೆಗೆ 'ಪರೀಕ್ಷಿಸಿಲ್ಲ' ಎಂದೇ ಬರೆಯಿರಿ. ಎರಡು ಸಲ ಕರೆದರೂ ಕಾರಣವಿಲ್ಲದೆ ಬಾರದಿದ್ದರೆ ಆಗ ಸೊನ್ನೆ ಹಾಕಿ, ನಮ್ಮ ತಕರಾರಿಲ್ಲ. ಹೊತ್ತಿಗೆ ಸರಿಯಾಗಿ ಒಪ್ಪಿಸಿದವರಿಗೆ ಅನ್ಯಾಯವೆನ್ನುವಿರೋ? ಅವರ ಅಂಕದಲ್ಲಿ ಒಂದನ್ನೂ ಯಾರೂ ಕಿತ್ತುಕೊಳ್ಳುತ್ತಿಲ್ಲ.

ಮಗುವನ್ನು ಭಯದಿಂದ ಬಿಡಿಸಬೇಕು, ಅದರ ತಿಳಿವಳಿಕೆಯನ್ನು ನಿರಂತರವಾಗಿ ಅಳೆಯಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು. ಆ ಕಾಯಿದೆ 14 ವರ್ಷದವರೆಗೆ ಮಾತ್ರ, ನಿಜ. 15 ತುಂಬಿದೊಡನೆ ಮಗುವಿಗೆ ಭಯ ಹಿತವಾಗುತ್ತದೆಯೇ?

ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ! ಮುಂದಿನ ಪೋಷಕರ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಒಂದು ಗಳಿಗೆ ಬಾಗಿಲು ಹಾಕಿಯಾದರೂ ಹೋಗಿರಿ. ನಿಮ್ಮ ಮಗುವಿನ ಅಂಕ ತೋರಿಸಿರೆನ್ನಿ. ಸೊನ್ನೆ ಕಂಡಲ್ಲಿ ಬೆರಳಿಟ್ಟು ಕಾರಣ ಕೇಳಿ. ಅಂಕಪಟ್ಟಿ ಮಂಡಳಿಗೆ ಹೋಗುವ ಮೊದಲೇ ಕೇಳಬೇಕು. ಹೋದಮೇಲೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯುವವರು ನೀವೇ.