ಕೌನ್ಸೆಲರ್ ಬೇಕು ಅಂತು ಕೋರ್ಟು, ಅಂಚೆ ಡಿಗ್ರಿ ಬೇಡ ಅಂತು ಯುಜಿಸಿ

ಸೂಲೂರು : ಪ್ಲಸ್ ಟು ರಿಸಲ್ಟ್ ಬಂದ ವಾರ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು. ಇಂಜಿನಿಯರಿಂಗಾ, ನರ್ಸಿಂಗಾ, ಬಿ.ಕಾಂ.ಆ? ಈಚೆಗೆ ಆ ಪಟ್ಟಿಗೆ ಹೊಸ ಹೆಸರೊಂದು ಸೇರಿಕೊಂಡಿದೆ, ಸೈಕಾಲಜಿ. ‘ಅದನ್ನ ಓದಿದ್ರೆ ಏನಮ್ಮಾ ಕೆಲಸ ಸಿಗತ್ತೆ?’ ಅಂತ ಅಪ್ಪ ಕೇಳುತ್ತಾರೆ. ‘ಕೌನ್ಸೆಲರ್ ಆಗಬಹುದಪ್ಪಾ’ ಅಂತ ಮಗಳು ಹೇಳುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಕೌನ್ಸೆಲರ್ ಆಗಲು ಎಷ್ಟು ವರ್ಷ ಓದಬೇಕು, ಎಲ್ಲಿ ಓದಬೇಕು, ಯಾವ ಸರ್ಟಿಫಿಕೇಟ್‌ಗೆ ಬೆಲೆ ಇದೆ ಎನ್ನುವುದು ಅಪ್ಪನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ.

ಅದು ಅವರ ತಪ್ಪಲ್ಲ. 2025ರಲ್ಲಿ ಒಂದು ತಿಂಗಳ ಒಳಗೆ ದೆಹಲಿಯಿಂದ ಎರಡು ಸುದ್ದಿ ಬಂದವು. ಮೊದಲನೆಯದು ಸುಪ್ರೀಂ ಕೋರ್ಟಿನದು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಜುಲೈ 25ರಂದು ತೀರ್ಪು ಕೊಟ್ಟ ಕೋರ್ಟು, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ 15 ಸೂಚನೆಗಳನ್ನು ಹೊರಡಿಸಿತು. ಅದರಲ್ಲೊಂದು ಹೀಗಿದೆ : 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹತೆ ಇರುವ ಒಬ್ಬ ಕೌನ್ಸೆಲರನ್ನೋ, ಮನೋವಿಜ್ಞಾನಿಯನ್ನೋ, ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಲೇಬೇಕು. ಅವರಿಗೆ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದ ಬಗ್ಗೆ ತರಬೇತಿ ಆಗಿರಬೇಕು. ಕಾನೂನು ಬರುವ ತನಕ ಈ ಸೂಚನೆಗಳೇ ಕಾನೂನು.

ಎರಡನೆಯ ಸುದ್ದಿ ಆಗಸ್ಟ್‌ನಲ್ಲಿ ಯುಜಿಸಿಯಿಂದ ಬಂತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದಿತು ಅದು.

ನೂರು ಮಕ್ಕಳಿರುವ ಶಾಲೆ ಅಂದರೆ ದೊಡ್ಡ ಶಾಲೆಯೇನಲ್ಲ. ಸೂಲೂರು, ಪಲ್ಲಡಂ, ಸೋಮನೂರು ಸುತ್ತಿನ ಎಷ್ಟೋ ಶಾಲೆಗಳು ಈ ಲೆಕ್ಕಕ್ಕೆ ಬರುತ್ತವೆ. ಅಷ್ಟು ಜನ ಕೌನ್ಸೆಲರ್‌ಗಳು ಎಲ್ಲಿದ್ದಾರೆ? ಇಲ್ಲ. ಹಾಗಾದರೆ ತಯಾರು ಮಾಡಬೇಕು. ತಯಾರಾಗುವ ದಾರಿಗಳಲ್ಲಿ ನಮ್ಮಂಥವರ ಕೈಗೆ ಎಟುಕುತ್ತಿದ್ದುದು ಅಂಚೆ ದಾರಿ. ಮುಚ್ಚಿದ್ದು ಅದೇ.

ಯಾಕೆ ಮುಚ್ಚಿದರು?

ಇದಕ್ಕೆ 2021ರ ಒಂದು ಕಾನೂನು ಕಾರಣ. ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಅಂತ ಅದರ ಹೆಸರು. ಫಿಸಿಯೋಥೆರಪಿ, ಲ್ಯಾಬ್, ಎಕ್ಸ್‌ರೇ, ಪಥ್ಯಾಹಾರದವರ ಜೊತೆಗೆ ಮನೋವಿಜ್ಞಾನಿಗಳು, ಆರೋಗ್ಯ ಕೌನ್ಸೆಲರ್‌ಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಎಚ್‌ಐವಿ ಕೌನ್ಸೆಲರ್‌ಗಳು ಎಲ್ಲರೂ ಅದರ ಪಟ್ಟಿಯಲ್ಲಿದ್ದಾರೆ. ಆರೋಗ್ಯ ವೃತ್ತಿಪರ ಅನ್ನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಕನಿಷ್ಠ 3600 ಗಂಟೆಯ ಡಿಗ್ರಿ ಓದು ಬೇಕು ಎಂಬುದು ಆ ಕಾಯ್ದೆಯ ಲೆಕ್ಕ. ಗಂಟೆ ಲೆಕ್ಕ ಬಂದ ಮೇಲೆ ಪುಸ್ತಕದ ಕಟ್ಟು ಅಂಚೆಯಲ್ಲಿ ತರಿಸಿಕೊಂಡು, ವರ್ಷಕ್ಕೊಮ್ಮೆ ಹೋಗಿ ಪರೀಕ್ಷೆ ಬರೆದು ಬಂದರೆ ಸಾಲದು ತಾನೆ?

ಒಪ್ಪಬೇಕಾದ ಮಾತು. ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆ ಕಡಿದಾಗ ಗಂಟು ಹಾಕುವುದನ್ನು ಯಾರೂ ಪುಸ್ತಕ ನೋಡಿ ಕಲಿಯಲಿಲ್ಲ. ಅಪ್ಪನೋ ಮಾವನೋ ಪಕ್ಕದಲ್ಲಿ ನಿಂತು, ತಪ್ಪಾದಾಗ ಬೈದು, ಬಿಚ್ಚಿಸಿ, ಮತ್ತೆ ಹಾಕಿಸಿ ಕಲಿಸಿದರು. ಕೌನ್ಸೆಲಿಂಗ್ ಕಲಿಕೆಯೂ ಹಾಗೆಯೇ. ಎದುರಿಗೆ ಕುಳಿತವರು ಅಳಲು ಶುರು ಮಾಡಿದಾಗ ಸುಮ್ಮನಿರಬೇಕಾ, ಮಾತಾಡಬೇಕಾ? ‘ಬದುಕೇ ಬೇಡ’ ಅಂದಾಗ ಮುಂದೆ ಕೇಳಬೇಕಾದ ಪ್ರಶ್ನೆ ಯಾವುದು? ಅನುಭವಸ್ಥರೊಬ್ಬರು ಆಮೇಲೆ ಕೂರಿಸಿಕೊಂಡು ‘ಇಲ್ಲಿ ನೀನು ಅವಸರ ಮಾಡಿದೆ’ ಅಂತ ತೋರಿಸಬೇಕು. ಇದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಈ ಓದಿನ ಜೀವ ಇರುವುದೇ ಅಲ್ಲಿ.

ಅಮೆರಿಕದಲ್ಲಿ ಇದಕ್ಕೆಂದೇ ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಎಂಬ ಮಾಸ್ಟರ್ಸ್ ಡಿಗ್ರಿ ಇದೆ. ಅಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ನಿಯಮದಂತೆ 60 ಕ್ರೆಡಿಟ್ ಓದು, 100 ಗಂಟೆ ಪ್ರಾಕ್ಟಿಕಂ, 600 ಗಂಟೆ ಇಂಟರ್ನ್‌ಶಿಪ್. ದಿನಕ್ಕೆ ಏಳು ಗಂಟೆ ಹಿಡಿದರೂ ಸರಿಯಾಗಿ ನೂರು ದಿನದ ಕೆಲಸ. ಡಿಗ್ರಿ ಕೈಗೆ ಬಂದರೂ ಲೈಸೆನ್ಸ್ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ 3000 ಗಂಟೆ ದುಡಿದು, ಪರೀಕ್ಷೆಯನ್ನೂ ಪಾಸು ಮಾಡಬೇಕು. ಅಲ್ಲಿನದನ್ನೇ ಇಲ್ಲಿಗೂ ತನ್ನಿ ಅಂತ ಹೇಳುತ್ತಿಲ್ಲ. ಬೇರೆ ಕಡೆ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಹೇಳಿದೆ.

ಯಾರು ಯಾರು, ಏನು ಓದಿರುತ್ತಾರೆ

ಇಲ್ಲಿ ಗೊಂದಲ ಜಾಸ್ತಿ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಅದರ ಮೇಲೆ ಎಂ.ಡಿ. ಮಾಡಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ 1992ರ ಕಾನೂನಿನಿಂದ ಆದ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. ಅದಕ್ಕೆ ಇಷ್ಟು ವರ್ಷ ಇದ್ದ ದಾರಿ ಎಂದರೆ ಸೈಕಾಲಜಿಯಲ್ಲಿ ಶೇ. 55 ಅಂಕದೊಂದಿಗೆ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಆಸ್ಪತ್ರೆಯಲ್ಲೇ ಇದ್ದು ಮಾಡುವ ಎರಡು ವರ್ಷದ ಎಂ.ಫಿಲ್. ಹೊಸ ಶಿಕ್ಷಣ ನೀತಿ ಬಂದು ಎಂ.ಫಿಲ್. ಎಂಬುದೇ ರದ್ದಾದಾಗ, ಈ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ 2025-26ರವರೆಗೆ ಮುಂದುವರಿಸಲು ಯುಜಿಸಿ ಒಪ್ಪಿತು. ಅದರ ಜಾಗಕ್ಕೆ ಆರ್‌ಸಿಐ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಎಂಬ ಹೊಸ ಕೋರ್ಸುಗಳನ್ನು ತಂದಿದೆ.

ಇನ್ನು ಬರೀ ‘ಕೌನ್ಸೆಲರ್’. ತಮಾಷೆ ಇರುವುದು ಇಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯರು ಯಾರು, ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು, ನರ್ಸ್ ಯಾರು ಅಂತೆಲ್ಲ ವಿವರಿಸುತ್ತದೆ. ಕೌನ್ಸೆಲರ್ ಯಾರು ಅಂತ ಹೇಳುವುದಿಲ್ಲ. ಹೀಗಾಗಿ ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಎರಡು ವರ್ಷ ಓದಿದವರೂ ಕೌನ್ಸೆಲರ್, ಭಾನುವಾರದ ಆರು ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ಚೌಕಟ್ಟು ಹಾಕಿಸಿದವರೂ ಕೌನ್ಸೆಲರ್. ಸರ್ಕಾರದ ಕೆಲಸಗಳಲ್ಲೂ ಒಂದೊಂದು ಕಡೆ ಒಂದೊಂದು ಅಳತೆ. ಮಕ್ಕಳ ರಕ್ಷಣಾ ಘಟಕದ ಕೌನ್ಸೆಲರ್ ಹುದ್ದೆಗೆ ಸಮಾಜಕಾರ್ಯ, ಸಮಾಜಶಾಸ್ತ್ರ, ಮನೋವಿಜ್ಞಾನದಂಥ ವಿಷಯದ ಡಿಗ್ರಿಯೇ ಸಾಕಾಗುತ್ತದೆ.

2021ರ ಕಾಯ್ದೆ ಈ ಗೊಂದಲಕ್ಕೆ ಒಂದು ಬೇಲಿ ಹಾಕಲು ಹೊರಟಿದೆ. ಆದರೆ ನಡಿಗೆ ನಿಧಾನ. ರಾಜ್ಯಗಳು ಕೈಕಟ್ಟಿ ಕುಳಿತದ್ದನ್ನು ಕಂಡು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅಕ್ಟೋಬರ್ 12ರೊಳಗೆ ಕಾಯ್ದೆ ಜಾರಿ ಮಾಡಿ ಅಂತ ಗಡುವು ಕೊಡಬೇಕಾಯಿತು. ಅನ್ವಯಿಕ ಮನೋವಿಜ್ಞಾನಕ್ಕೆ ದೇಶಕ್ಕೆಲ್ಲ ಒಂದೇ ಮಾದರಿ ಪಠ್ಯಕ್ರಮ ಹೊರಬಿದ್ದದ್ದು 2025ರಲ್ಲಿ.

ನೂರು ವರ್ಷದ ಹಿಂದೆ ಮೈಸೂರಿನಲ್ಲಿ

ಕನ್ನಡದವರಿಗೆ ಈ ವಿದ್ಯೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದ, ‘ಆಕಾಶವಾಣಿ’ ಹೆಸರಿನೊಂದಿಗೆ ಇಂದಿಗೂ ನೆನಪಾಗುವ ಪ್ರೊಫೆಸರ್ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಮನೋವಿಜ್ಞಾನಿಗಳಿಗೆ ಆಸ್ಪತ್ರೆಯೊಳಗಿನ ತರಬೇತಿ ಕೊಡಲು ತೊಡಗಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 1985ರ ಸುಮಾರಿಗೆ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ನೋಡಿಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದೇ ನಿಮ್ಹಾನ್ಸ್ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ 2015-16ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಸೂಲೂರಿನ ಹುಡುಗಿಯ ಲೆಕ್ಕ

ಈಗ ಮತ್ತೆ ಆ ಅಪ್ಪ ಮಗಳ ಬಳಿಗೆ ಬರೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡು ಪವರ್‌ಲೂಮ್ ಇರುವ ಮನೆ ಎಂದಿಟ್ಟುಕೊಳ್ಳಿ. ಹುಡುಗಿ ಮೂರು ವರ್ಷದ ಡಿಗ್ರಿ ಮುಗಿಸುತ್ತಾಳೆ. ಸರ್ಕಾರಿ ಶಾಲೆಯಲ್ಲಿ ಓದಿದವಳಾದರೆ, 2022ರಲ್ಲಿ ಬಂದ ‘ಪುದುಮೈ ಪೆಣ್’ ಯೋಜನೆಯಿಂದ ತಿಂಗಳಿಗೆ 1000 ರೂಪಾಯಿ ಸಿಕ್ಕಿರುತ್ತದೆ. ಆ ನೆರವು ಮೊದಲ ಡಿಗ್ರಿಗೇ ಮುಗಿಯಿತು. ಕೌನ್ಸೆಲರ್ ಆಗಬೇಕಾದರೆ ಅಸಲಿ ಓದು ಶುರುವಾಗುವುದು ಅದಾದ ಮೇಲೆ!

ಹಿಂದೆಯಾಗಿದ್ದರೆ ಅವಳು ಮಿಲ್ಲಿಗೋ ಆಫೀಸಿಗೋ ಹೋಗಿ ದುಡಿಯುತ್ತಾ ಇಗ್ನೋದಲ್ಲಿ ಎಂ.ಎ. ಸೈಕಾಲಜಿ ಕಟ್ಟಬಹುದಿತ್ತು. ಯಾವ ವಿಷಯದ ಡಿಗ್ರಿ ಇದ್ದರೂ ಸೇರಿಸಿಕೊಳ್ಳುತ್ತಿದ್ದರು, ಕೌನ್ಸೆಲಿಂಗನ್ನೇ ವಿಶೇಷ ವಿಷಯವಾಗಿ ತೆಗೆದುಕೊಳ್ಳುವ ಅವಕಾಶವೂ ಇತ್ತು. ಮದುವೆಯಾಗಿ ಮಕ್ಕಳಾದ ಮೇಲೆ ಓದಿದ ಹೆಣ್ಣುಮಕ್ಕಳೂ ಇದ್ದಾರೆ. ಈಗ ಅವಳು ಹಗಲಿನ ಕಾಲೇಜಿಗೇ ಹೋಗಬೇಕು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವೇನೋ ಇದೆ. ಆದರೆ ಸೂಲೂರು ಇರುವುದು ನಗರದ ಪೂರ್ವಕ್ಕೆ, ತಿರುಚ್ಚಿ ರಸ್ತೆಯಲ್ಲಿ. ವಿಶ್ವವಿದ್ಯಾಲಯ ಇರುವುದು ಪಶ್ಚಿಮಕ್ಕೆ, ಮರುದಮಲೈ ರಸ್ತೆಯಲ್ಲಿ. ಊರಿಡೀ ದಾಟಿ ಹೋಗಿ ಬರಬೇಕು. 2021ರಲ್ಲಿ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ದುಡ್ಡು ಉಳಿದಿರಬಹುದು. ಹೊತ್ತು ಉಳಿಯಲಿಲ್ಲ. ಎರಡು ವರ್ಷ ಅವಳ ಸಂಬಳವೂ ಇಲ್ಲ. ಖಾಸಗಿ ಕಾಲೇಜಿನ ಫೀಸಿನ ಮಾತು ಬೇರೆಯೇ.

ಯುಜಿಸಿ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅಂಚೆಯಲ್ಲಿ ಕಲಿತ ಕೌನ್ಸೆಲರ್ ಎದುರು ನನ್ನ ಮನೆಯ ಮಗುವನ್ನು ಕೂರಿಸಲು ನಾನೂ ಹಿಂದೆಮುಂದೆ ನೋಡುತ್ತೇನೆ. ಆದರೆ ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆಯಬೇಕಿತ್ತು. ತೆರೆಯದಿದ್ದರೆ ಏನಾಗುತ್ತದೆ? ಕೋರ್ಟಿಗೆ ಲೆಕ್ಕ ತೋರಿಸಲು ಶಾಲೆಯಲ್ಲಿರುವ ಡ್ರಿಲ್ ಮಾಸ್ತರರಿಗೋ ಲೈಬ್ರರಿ ಮೇಡಂಗೋ ಮೂರು ದಿನದ ತರಬೇತಿ ಕೊಡಿಸಿ, ‘ಕೌನ್ಸೆಲರ್’ ಅಂತ ಬೋರ್ಡ್ ಬರೆಸುತ್ತಾರೆ. ಶಿಕ್ಷಕರಿಗೆಲ್ಲ ವರ್ಷಕ್ಕೆ ಎರಡು ಸಲ ತರಬೇತಿ ಕೊಡಿ ಅಂತ ಕೋರ್ಟು ಹೇಳಿರುವುದು ನಿಜ. ಅದು ಕಷ್ಟದಲ್ಲಿರುವ ಮಗುವನ್ನು ಗುರುತಿಸಲಿ ಅಂತ. ಕೌನ್ಸೆಲರ್ ಜಾಗಕ್ಕೆ ಅವರನ್ನೇ ಕೂರಿಸಲಿ ಅಂತಲ್ಲ.

ಮೂರು ದಿನದಲ್ಲಿ ಕಲಿಸಲಾಗದ್ದು ಏನಿದೆ ಅನ್ನುತ್ತೀರಾ? ಗುಟ್ಟು ಕಾಯುವುದನ್ನೇ ನೋಡಿ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೋ ಪರಿಚಯದವರೋ ಆಗಿರುತ್ತಾರೆ. ಬೆಳಿಗ್ಗೆ ಹುಡುಗಿ ಹೇಳಿಕೊಂಡದ್ದು ಸಂಜೆ ಟೀ ಅಂಗಡಿಗೆ ಬಂದರೆ, ಆ ಶಾಲೆಯಲ್ಲಿ ಮತ್ತೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಹಾಗಂತ ಎಲ್ಲವನ್ನೂ ಮುಚ್ಚಿಡುವಂತೆಯೂ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಯಾವುದನ್ನು ಕಾಯಬೇಕು, ಯಾವುದನ್ನು ಹೇಳಬೇಕು, ಹೇಳುವ ಮೊದಲು ಆ ಮಗುವಿಗೆ ಅದನ್ನು ಹೇಗೆ ತಿಳಿಸಬೇಕು? ಇದನ್ನೆಲ್ಲ ಕಲಿಯಲು ಆ ಗಂಟೆಗಳೆಲ್ಲ ಬೇಕು.

ಇನ್ನೊಂದು ಮಾತು ಭಾಷೆಯದು. ಪಾಠ ಇಂಗ್ಲಿಷಿನಲ್ಲಿ, ಪ್ರಾಕ್ಟಿಕಲ್ಸ್ ತಮಿಳಿನಲ್ಲಿ, ಆದರೆ ನಮ್ಮ ಮನೆಯ ಅಜ್ಜಿಗೆ ಎದೆಯ ಭಾರ ಹೇಳಲು ಬರುವುದು ಕನ್ನಡದಲ್ಲಿ. ಕೊಯಮತ್ತೂರು ಸೀಮೆಯ ದೇವಾಂಗರ ಮನೆಗಳಲ್ಲಿ, ಒಕ್ಕಲಿಗ ಗೌಡರ ಮನೆಗಳಲ್ಲಿ, ಆಚೆ ತಾಳವಾಡಿಯಲ್ಲಿ ಇದೇ ಕಥೆ. ಎರಡೂ ಮಾತು ಬಲ್ಲ ಹುಡುಗಿ ಈ ಓದು ಮುಗಿಸಿ ಬಂದರೆ ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಬಂದವರಿಗೆ ಸಾಧ್ಯವಾಗದ ಕೆಲಸ ಅವಳಿಂದ ಆಗುತ್ತದೆ. ಕೋರ್ಸಿನ ಅರ್ಜಿಯಲ್ಲಿ ಇದಕ್ಕೊಂದು ಅಂಕವೂ ಇಲ್ಲ.

ಹಾಗಾಗಿ ಕೇಳಬೇಕಾದದ್ದು ಅಂಚೆ ಡಿಗ್ರಿಯನ್ನು ವಾಪಸ್ ಕೊಡಿ ಅಂತಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಸರ್ಕಾರಿ ಕಾಲೇಜುಗಳಲ್ಲಿ ಸಂಜೆ ಅಥವಾ ಶನಿವಾರ-ಭಾನುವಾರದ, ಎದುರೆದುರೇ ಕೂತು ಕಲಿಯುವ ಎಂ.ಎಸ್ಸಿ. ಸೀಟುಗಳನ್ನು ಕೇಳಬೇಕು. ಎರಡರ ಬದಲು ಮೂರು ವರ್ಷ ಆಗಲಿ. ಸೂಪರ್‌ವಿಷನ್ ಗಂಟೆಗಳನ್ನು ನಮ್ಮದೇ ಶಾಲೆ, ಆಸ್ಪತ್ರೆಗಳಲ್ಲಿ ತುಂಬಲು ಬಿಡಲಿ. ಆ ಗಂಟೆಗಳಿಗೆ ಒಂದಿಷ್ಟು ಸ್ಟೈಪೆಂಡ್ ಕೊಡಲಿ. ಶಾಲೆಗೂ ಜನ ಸಿಕ್ಕಂತಾಗುತ್ತದೆ, ಹುಡುಗಿಗೂ ಓದು ಸಿಕ್ಕಂತಾಗುತ್ತದೆ.

ಸದ್ಯಕ್ಕೆ ಫೀಸು ಕಟ್ಟುವ ಮೊದಲು ಕಾಲೇಜಿನಲ್ಲಿ ಕೇಳಿ : ಕೋರ್ಸು ರೆಗ್ಯುಲರ್ ತಾನೆ? ಇಂಟರ್ನ್‌ಶಿಪ್ ಎಷ್ಟು ಗಂಟೆ, ಯಾವ ಆಸ್ಪತ್ರೆಯಲ್ಲಿ, ಸೂಪರ್‌ವೈಸರ್ ಯಾರು? ಬಾಯಿಮಾತು ಬೇಡ, ಬರೆದು ಕೊಡಲಿ. ಕ್ಲಿನಿಕಲ್ ಸೈಕಾಲಜಿ ಅಂದರೆ ಆರ್‌ಸಿಐ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು ಇದೆಯೇ ಅಂತ ನೀವೇ ನೋಡಿ. ‘ಆರು ತಿಂಗಳಲ್ಲಿ ಕೌನ್ಸೆಲರ್ ಆಗಿ, ಆನ್‌ಲೈನ್’ ಅಂತ ಮೊಬೈಲಿಗೆ ಬರುವ ಜಾಹೀರಾತನ್ನು ಅಲ್ಲೇ ಬಿಟ್ಟುಬಿಡಿ.

ಮನೆಯಲ್ಲಿ ಯಾರಿಗಾದರೂ ಈಗಲೇ ಮಾತಾಡಬೇಕು ಅನ್ನಿಸಿದ್ದರೆ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ. ನಂಬರ್ 14416. ದಿನದ 24 ಗಂಟೆಯೂ ಉಚಿತ. ತಮಿಳೂ ಇದೆ, ಕನ್ನಡವೂ ಇದೆ.