ಕೇಪಳಕ್ಕೊಂದು ಜಾಗ ಕೊಡಿ

ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಸಭೆಯಲ್ಲಿ ಕಳೆದ ಮಳೆಗಾಲ ಒಂದು ತೀರ್ಮಾನವಾಯಿತು. ಕಾಂಪೌಂಡಿನ ಮೂಲೆಯ ಕೇಪಳದ ಪೊದೆ ತೆಗೆದು ಅಲ್ಲಿ ‘ಒಳ್ಳೆಯ ಗಿಡ’ ನೆಡುವುದು. ಒಳ್ಳೆಯ ಗಿಡವೆಂದರೆ ಡುರಾಂಟ, ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದದ್ದು. ಕೇಪಳ ಯಾಕೆ ಬೇಡ ಎಂದು ಕೇಳಿದೆ. “ಅದು ಗುಡ್ಡೆಯ ಗಿಡ ಅಲ್ವಾ ಮಾರಾಯ್ರೆ” ಎಂದರು ಒಬ್ಬರು. ಎಲ್ಲರೂ ನಕ್ಕರು.

ಹೌದು, ಗುಡ್ಡೆಯದೇ. ಮುರಕಲ್ಲಿನ ಸಂದಿಯಲ್ಲಿ ಬೇರಿಳಿಸಿ, ನಾಲ್ಕು ತಿಂಗಳ ಜಡಿಮಳೆಯನ್ನೂ ಆಮೇಲಿನ ಸುಡುಬಿಸಿಲನ್ನೂ ತಾಳಿಕೊಂಡು ಕೆಂಪಗೆ ಅರಳುವ ಗಿಡ ಅದು. ಇದು ಅದರ ಯೋಗ್ಯತೆಯೇ ಹೊರತು ಕೊರತೆಯಲ್ಲ. ಆ ಉದ್ದ ಕೊಳವೆಯ ಹೂವಿನ ತಳದ ಮಕರಂದಕ್ಕೆ ಚಿಟ್ಟೆಯ ನೀಳ ಸೊಂಡಿಲೇ ಬೇಕು. ಹಣ್ಣಿಗೆ ಹಕ್ಕಿಗಳೂ ಬರುತ್ತವೆ, ಮಕ್ಕಳೂ ಬರುತ್ತಿದ್ದರು. 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಇದಕ್ಕೆ ಜಾಗ ಸಿಕ್ಕಿತು. 1753ರಲ್ಲಿ ಲಿನೇಯಸ್ ಇದನ್ನು ‘ಇಕ್ಸೋರ’ ಎಂದ. ಆ ಹೆಸರಿನ ಮೂಲ ನಮ್ಮ ಈಶ್ವರ. ಕೋಲದಲ್ಲಿ ಇದೇ ಹೂವಿನ ಅಲಂಕಾರಕ್ಕೆ ಕೈಮುಗಿಯುವ ನಾವು ಗಿಡಕ್ಕೆ ಮಾತ್ರ ಕಾಂಪೌಂಡಿನೊಳಗೆ ಜಾಗವಿಲ್ಲ ಅನ್ನುತ್ತೇವೆ.

“ಪೇಟೆಯಲ್ಲಿ ಎಲೆ ಹಳದಿಯಾಗುತ್ತದೆ, ಹೂವೇ ಬಿಡುವುದಿಲ್ಲ” ಎಂಬ ದೂರೂ ಇದೆ. ದೂರು ನಿಜ, ಅಪರಾಧಿ ಬೇರೆ. ಕೇಪಳಕ್ಕೆ ಹುಳಿಮಣ್ಣು ಬೇಕು. ನಾವು ಕಟ್ಟಡದ ಬುಡದಲ್ಲಿ ಸಿಮೆಂಟು, ಸುಣ್ಣದ ಚೂರು ಹೂತು ಅದರ ಮೇಲೆ ಗಿಡ ನೆಡುತ್ತೇವೆ. ಸುಣ್ಣ ಬೆರೆತ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕದು. ಎಳೆ ಎಲೆ ಬಿಳಿಚುತ್ತದೆ. ಇನ್ನು ಹೂ ಬಿಡುವುದು ಟೊಂಗೆಯ ತುದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿದು ಪೆಟ್ಟಿಗೆಯ ಹಾಗೆ ಚೌಕ ಮಾಡಿದರೆ ಮೊಗ್ಗು ಬರುವುದೆಲ್ಲಿಂದ? ಸಿಮೆಂಟು ಚೂರು ತೆಗೆದು ಕೆಂಪುಮಣ್ಣು, ಸೊಪ್ಪುಗೊಬ್ಬರ ಹಾಕಿ. ಹೂ ಮುಗಿದ ಮೇಲೆ ಒಮ್ಮೆ ಹಗುರವಾಗಿ ಸವರಿ. ಬೈಲೆಂದರೆ ನೀರು ನಿಲ್ಲುವ ತಗ್ಗಿನ ಗದ್ದೆ. ಊರಿನ ಹೆಸರೇ ಎಚ್ಚರಿಸುತ್ತಿದೆ. ಆದ್ದರಿಂದ ನೆಡುವ ಜಾಗ ಸ್ವಲ್ಪ ಎತ್ತರಿಸಿ, ಬಿಸಿಲು ಬೀಳಲಿ. ಅಷ್ಟೇ ಆರೈಕೆ.

ಹೊರಗಿನ ಗಿಡವೆಲ್ಲ ಕೆಟ್ಟದ್ದೆಂದು ನನ್ನ ವಾದವಲ್ಲ. ಗೇರುಮರ ಬ್ರೆಜಿಲಿನಿಂದ ಬಂದದ್ದು, ಅದಿಲ್ಲದ ಮಂಗಳೂರನ್ನು ಊಹಿಸಲಾರೆ. ಬಂದವರಿಗೆ ಜಾಗ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಇದ್ದವರನ್ನು ಕಿತ್ತು ಜಾಗ ಮಾಡಿದ್ದಕ್ಕೆ ಬೇಸರ. ನರ್ಸರಿಯಲ್ಲಿ ಹಳದಿ, ಗುಲಾಬಿ ಬಣ್ಣದ ಗಿಡ್ಡ ಇಕ್ಸೋರಗಳಿವೆ. ಅವು ಬೇಡಿಕೆಗೆ ತಕ್ಕಂತೆ ತಳಿ ಮಾಡಿದವು. ಗುಡ್ಡೆಯ ಕೇಪಳ ಉಳಿಯಬೇಕಾದ್ದು ಗುಡ್ಡೆಯಲ್ಲೇ. ಆ ಗುಡ್ಡೆಗೋ ದಿನವೂ ಜೆಸಿಬಿ ಏರುತ್ತಿದೆ. ಸಮತಟ್ಟಾದ ಗುಡ್ಡೆಯೊಂದಿಗೆ ಹೋದ ಪೊದೆಯನ್ನು ಯಾವ ನರ್ಸರಿಯೂ ಮರಳಿ ತರಲಾರದು.

ಕಾಲೇಜಿನ ಹುಡುಗ ಹುಡುಗಿಯರೇ, ವನಮಹೋತ್ಸವಕ್ಕೆ ಗಿಡ ಬರಲೆಂದು ಕಾಯಬೇಡಿ. ಕಡಿಯಲಿರುವ ಗುಡ್ಡೆ ಕಂಡರೆ ಜೂನಿನಲ್ಲಿ, ಜಾಗದವರನ್ನು ಕೇಳಿ, ಪೆನ್ಸಿಲ್ ದಪ್ಪದ ನಾಲ್ಕು ಕೋಲು ತಂದು ಮಣ್ಣಿಗೆ ಊರಿ. ಬೇರು ಬಿಡಲು ವಾರಗಟ್ಟಲೆ ಬೇಕು. ಅವಸರ ಬೇಡ.

ನಮ್ಮ ಮೂಲೆಯ ಪೊದೆಯನ್ನು ಕಿತ್ತರು. ಹಿಂದಿನ ಸಂಜೆ ನಾನೂ ನಾಲ್ಕು ಕೋಲು ಮುರಿದುಕೊಂಡಿದ್ದೆ. ಎರಡು ಬದುಕಿವೆ, ಬಾಲ್ಕನಿಯ ಕುಂಡದಲ್ಲಿ. ಕುಂಡ ಅವುಗಳ ಊರಲ್ಲ. ಮುಂದಿನ ಸಭೆಗೆ ಅವನ್ನೇ ಹೊತ್ತುಕೊಂಡು ಹೋಗುತ್ತೇನೆ. ನಗುವವರು ನಗಲಿ, ಜಾಗ ಕೊಡಲಿ.